ಸುಧಾರಾಣಿಗೆ ಹೇಳದ ಇಪ್ಪತ್ಮೂರು ದಿನ

ನನ್ನ ನಾಲಿಗಿ ಭಾಳ ಕೆಟ್ಟದ್ದು. ಇಲಕಲ್ಲಿನ ನಮ್ಮ ಓಣ್ಯಾಗ ಯಾರನ್ನರೆ ಕೇಳ್ರಿ, ಚಂದವ್ವ ಅಂದ್ರ ಬೈಗುಳದ ಗಂಟು ಅಂತಾರ. ನಳದ ಮುಂದ ಪಾಳಿ ತಪ್ಪಿಸಿ ಕೊಡ ಇಟ್ಟಾಕಿಗೆ ಅಕಿ ಮುತ್ಯಾನ ಕಾಲದಿಂದ ಹಿಡದು ಬೈದೇನಿ. ಹಂಗ ಬೈದು ಬಂದು ಕಣ್ತುಂಬ ನಿದ್ದಿನೂ ಮಾಡೇನಿ. ನನ್ನ ನಿದ್ದಿ ಕೆಡಿಸಿದ್ದು ಬೈಗುಳ ಅಲ್ಲ, ಮೆತ್ತಗ ಹೇಳಿದ ಎರಡು ಸುಳ್ಳು. ಒಂದು ನನ್ನ ತಮ್ಮನ ಹೇಂತಿ ಲೂರ್ದವ್ವಗ ಹೇಳಿದ್ದು, ಇನ್ನೊಂದು ಅಕಿ ಮಗಳು ಸುಧಾರಾಣಿಗೆ ಹೇಳಿದ್ದು. ತಾಯಿ-ಮಗಳ ನಡುವ ನಿಂತು ಎರಡೂ ಕಡೆ ಸುಳ್ಳು ಹೇಳಿದಾಕಿ ನಾ. ಈ ಕಥಿ ಸುಧಾಂದು, ಆದ್ರ ಅದನ್ನ ಕೆಡಿಸಿದಾಕಿ ನಾ ಇದ್ದದ್ದಕ್ಕ ನಾನ ಹೇಳಬೇಕು.

ನಾವು ಕಿರಿಸ್ತಾನರು. ಮೂಲ ಮುದಗಲ್ಲ ಕಡೇದವ್ರು. ನಮ್ಮ ಅಜ್ಜ ನೇಯಾಕಂತ ಇಲಕಲ್ಲಿಗೆ ಬಂದಾಂವ ಇಲ್ಲೇ ನಿಂತ. ತಮ್ಮ ಇನ್ಯಾಸಪ್ಪ ಗ್ರಾನೈಟ್ ಪಾಲಿಶ್ ಮಾಡೋ ಕಾರಖಾನ್ಯಾಗ ದುಡೀತಾನ. ದಿನಪೂರ್ತಿ ಆ ಮಶಿನ್ ಸಪ್ಪಳದಾಗ ಇದ್ದು ಇದ್ದು ಅವಗ ಮಾತು ಬ್ಯಾಡಾಗೈತಿ. ಲೂರ್ದವ್ವ ಮನ್ಯಾಗಿನ ಮಗ್ಗದಾಗ ಸೀರಿ ನೇಯಾಕಿ. ನಾ ಹುನಗುಂದದಿಂದ ಗಂಡನ್ನ ಮಣ್ಣು ಮಾಡಿ, ಮಕ್ಕಳಿಲ್ಲದ ಬರಿ ಕೈಲೆ ತಿರಗಿ ಬಂದು, ಅವ್ರ ಮನ್ಯಾಗ ಸೆರಗಿನ ರೇಷ್ಮಿ ಎಳಿಗೆ ಸೀರಿ ಮೈಯಿನ ಎಳಿ ಕೊಂಡಿ ಹಾಕಿ ಜೋಡಸ್ಕೋತ ಕುಂತಾಕಿ. ಲೂರ್ದವ್ವ ಒಂದಿನ ನನಗ ‘ನಿನ್ನ ಕೂಳು ದಂಡ’ ಅಂದಾಕಿ ಅಲ್ಲ. ನನ್ನಂಥಾ ನಾದಿನಿ ಸಂಗಡ ಇಪ್ಪತ್ತ ವರ್ಷ ಬಾಳೇ ಮಾಡ್ಯಾಳಂದ್ರ ಅಕಿನ್ನ ಸಂತರ ಪಟ್ಟಿಗೆ ಸೇರಸ್ಬೇಕು, ಅಂಥಾಕಿ.

ಅವ್ರಿಗೆ ಒಬ್ಬಾಕೀನ ಮಗಳು, ಸುಧಾರಾಣಿ. ಹುಟ್ಟಾ ಮಾತಿನಮಲ್ಲಿ. ಏಳನೇತ್ತಿ ಸಾಲಿ ಓದುಮುಂದನ ‘ಅತ್ತಿ, ನಾ ಸಿಸ್ಟರ್ ಆಗ್ತೇನಿ’ ಅಂದ್ಲು. ಬಾಜೂ ಮನಿ ದೌಲತಬಿ ಅಲ್ಲೇ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲು. ‘ಏ ಹುಡುಗಿ, ನೀ ಅಲ್ಲಿಗೆ ಹೋದ್ರ ಪಾಪ ನಿಮ್ಮ ದೇವರಿಗೆ ನಡುವ ಒಂದು ಮಾತು ಆಡಾಕ ಪುರಸೊತ್ತ ಸಿಗಂಗಿಲ್ಲ’ ಅಂತ ನಗಾಡಿದ್ಲು. ಎಲ್ಲಾರೂ ನಕ್ಕರು. ನಾ ನಗಲಿಲ್ಲ.

ಯಾಕಂದ್ರ ನಾನೂ ಒಮ್ಮೆ ಸಿಸ್ಟರ್ ಆಗಾಕ ಹೋದಾಕಿ. ಹತ್ತೊಂಬತ್ತು ವರ್ಷ ಆಗಿತ್ತು ನನಗ. ಬದಾಮಿ ಕಾನ್ವೆಂಟಿನ್ಯಾಗ ಆವಾಗ ಎರಡು ಖೋಲಿ, ಒಂದು ಬಾವಿ, ನಾಕು ಮಂದಿ ಸಿಸ್ಟರ್, ಅಷ್ಟ. ಹನ್ನೊಂದು ತಿಂಗಳು ಇದ್ದೆ. ನೀರು ಸೇದಿದೆ, ಕೀರ್ತನಿ ಕಲ್ತೆ, ನನ್ನ ನಾಲಿಗಿ ಸೈತ ಅಲ್ಲೆ ಒಂದೀಟು ಹದಕ್ಕ ಬಂದಿತ್ತು. ಆಮ್ಯಾಲೆ ಮನಿಯಿಂದ ಕಾಗದ ಬಂತು, ಅಪ್ಪಗ ಆರಾಮಿಲ್ಲ, ತಾಬಡತೋಬ ಬಾ ಅಂತ. ಮದರ್ ಹದಿನೈದು ದಿನಾ ಸೂಟಿ ಕೊಟ್ರು. ಅತ್ಗೋತ ಬಂದು ನೋಡ್ತೇನಿ, ಅಪ್ಪ ಕಟ್ಟಿ ಮ್ಯಾಲೆ ಕುಂತು ಸೇಂಗಾ ತಿನ್ನಾಕತ್ತಾನ! ಹುನಗುಂದದ ವರನ ಸಂಗಡ ಮಾತು ಮುಗಿಸಿಬಿಟ್ಟಿದ್ರು. ಉಪಾಸ ಬಿದ್ದೆ, ಹೊರಳಾಡಿ ಅತ್ತೆ. ಯಾರು ಕೇಳಬೇಕು? ಎರಡನೇ ರವಿವಾರ ಚರ್ಚಿನ್ಯಾಗ ನನ್ನ ಲಗ್ನ ಗೊತ್ತಾಗೇತಿ ಅಂತ ಚೀಟಿ ಓದಿಸಿದ್ರು. ಹಿಂಗಾಗಿ ‘ಒಮ್ಮೆ ಮನಿ ಹೊಸ್ತಿಲಾ ತುಳದಾಕಿ ತಿರಗಿ ಹೋಗಂಗಿಲ್ಲ’ ಅನ್ನೂದು ನನ್ನ ತಲ್ಯಾಗ ಮೊಳಿ ಹೊಡದಂಗ ಕುಂತುಬಿಟ್ತು.

ಸುಧಾ ಪಿಯುಸಿ ಮುಗಿಸಿ ಹೊಂಟು ನಿಂತಾಗ ಇನ್ಯಾಸಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಪರವಾಗಿ ಬೀಗರು-ಬಿಜ್ಜರು ಅಂದ್ರು, ‘ಇದ್ದಾಕಿ ಒಬ್ಬಾಕಿ, ಅಕಿನ್ನೂ ಕಳಿಸಿ ಮುಪ್ಪಿನ ಕಾಲಕ್ಕ ಯಾರ ಮಾರಿ ನೋಡ್ತೀರಿ?’ ಅವ್ರ ಬಾಯಿ ನಾ ಮುಚ್ಚಿಸಿದೆ. ಹೆಂಗ ಮುಚ್ಚಿಸಿದೆ ಅನ್ನೂದು ಬಿಡ್ರಿ, ಬರಿಯೋವಂಥಾ ಮಾತಲ್ಲ. ಬ್ಯಾಗ ಹೊತ್ಕೊಂಡು ನಾನ ಬಾಗಲಕೋಟಿಗೆ ಹೋಗಿ ಬಿಟ್ಟು ಬಂದೆ. ಅಲ್ಲೆ ವಿದ್ಯಾಗಿರಿ ಕಡೆ ಸಿಸ್ಟರ್‌ಗಳ ಮನ್ಯಾಗ ಇದ್ಕೊಂಡು ಡಿಗ್ರಿ ಮುಗಿಸಿದ್ಲು. ಮುಂಜಾನಿ ಪ್ರಾರ್ಥನಿ, ಆಮ್ಯಾಲೆ ಕಸಾ-ಮುಸುರಿ, ಆಮ್ಯಾಲೆ ಕಾಲೇಜು. ಭಾಂಡಿ ತಿಕ್ಕುಮುಂದ ಹಾಡು ಗುನುಗ್ತಾಳಂತ ಬೈಸ್ಕೊಂಡ್ಲಂತ. ಮೌನದ ಹೊತ್ತಿನ್ಯಾಗ ಬೆಕ್ಕಿನ ಸಂಗಡ ಮಾತಾಡಿ ಸಿಕ್ಕಬಿದ್ಲಂತ. ‘ಅತ್ತಿ, ಬೆಕ್ಕಿಗೆ ನಿಯಮ ಇಲ್ಲಂತ, ನನಗಷ್ಟ ಐತಂತ’ ಅಂತ ಫೋನಿನ್ಯಾಗ ನಗತಿದ್ಲು. ನಾ ಹೊರಗ ಬೈದೆ, ಒಳಗ ಉಬ್ಬಿದೆ. ಅಕಿ ಅಲ್ಲೆ ಗಟ್ಟ್ಯಾಗಾಕತ್ತಾಳ ಅಂದ್ರ ನಾನ ಆಗಾಕತ್ತಂಗ ಅನಸ್ತಿತ್ತು. ಇದು ನನ್ನ ಮೊದಲನೇ ತಪ್ಪು, ಅಕಿ ದಾರಿ ಮ್ಯಾಲೆ ನನ್ನ ಕಾಲು ಇಟ್ಟದ್ದು.

ಬಾಗಲಕೋಟಿ ಮುಗದ ಮ್ಯಾಲೆ ಅಕಿನ್ನ ಬದಾಮಿಗೆ ಕಳಿಸಿದ್ರು, ನೊವಿಷಿಯೇಟಿಗೆ. ಅಂದ್ರ ವ್ರತಾ ತಗೊಳ್ಳೂ ಮುಂಚೆ ಎರಡು ವರ್ಷದ ತರಬೇತಿ. ಚೊಳಚಗುಡ್ಡದ ದಾರಿ ಮ್ಯಾಲೆ ಈಗ ದೊಡ್ಡ ಮನಿ, ಹಿಂದ ಸೇಂಗಾ ಹೊಲ, ಮುಂದ ಬೇವಿನ ಗಿಡ. ಬಿಳಿ ಸೀರಿ ಉಡಿಸಿದ ದಿನಾ ನಾವು ಮೂವರೂ ಹೋಗಿದ್ವಿ. ಅಲ್ಲಿನ ಹುಡುಗ್ಯಾರನ್ನ ತಿದ್ದಿ ಬೆಳಸಾಕಿ ಸಿಸ್ಟರ್ ಶೈಲಾ ಅಂತ, ಸಣ್ಣ ದನಿ, ಎಲ್ಲಾ ಮನಿಯವ್ರನ್ನ ಕುಂದ್ರಿಸಿ ಹೇಳಿದ್ರು. ‘ಮೊದಲನೇ ವರ್ಷ ಮುಚ್ಚಿದ ವರ್ಷ. ಹಬ್ಬ, ಲಗ್ನ ಅಂತ ಮನಿಗೆ ಕಳಸಂಗಿಲ್ಲ. ರವಿವಾರ ಹತ್ತು ನಿಮಿಷ ಫೋನ್ ಮಾಡ್ತಾರ. ಭಾಳ ದಿನಾ ಹೊರಗ ಉಳದ್ರ ವರ್ಷ ಲೆಕ್ಕಕ್ಕ ಬರಂಗಿಲ್ಲ, ಮತ್ತ ಮೊದಲಿಂದ ಶುರು ಮಾಡ್ಬೇಕಾಗ್ತದ.’ ಭಾಳ ದಿನಾ ಅಂದ್ರ ಎಷ್ಟು ದಿನಾ? ಯಾರೂ ಕೇಳಲಿಲ್ಲ. ಲೂರ್ದವ್ವ ನನ್ನ ಮಾರಿ ನೋಡಿದ್ಲು. ನಾ ಎಲ್ಲಾ ತಿಳದಾಕಿಯಂಗ ಗೋಣು ಹಾಕಿದೆ. ಹನ್ನೊಂದು ತಿಂಗಳು ಕಾನ್ವೆಂಟಿನ ಅನ್ನ ತಿಂದಾಕಿ ಅಲ್ಲೇನ್ರಿ ನಾ!

ಆ ವರ್ಷ ಐದು ತಿಂಗಳು ಕಳದಿತ್ತು. ಲೂರ್ದವ್ವಗ ಹೊಟ್ಟಿನೋವು ಸುರು ಆತು. ಹುನಗುಂದದಾಗ ತೋರಿಸಿದ್ವಿ, ಅವ್ರು ಬಾಗಲಕೋಟಿಗೆ ಒಯ್ರಿ ಅಂದ್ರು. ಬಾಗಲಕೋಟಿ ದವಾಖಾನ್ಯಾಗ ಡಾಕ್ಟರ್ ನನ್ನನ್ನ, ತಮ್ಮನ್ನ ಬಾಜೂ ಕರದು, ‘ಲಿವರ್‌ಗೆ ಕ್ಯಾನ್ಸರ್ ಹಬ್ಬೇತಿ. ಇನ್ನೊಂದು ತಿಂಗಳಂತ ಹೇಳಾಕೂ ಬರಂಗಿಲ್ಲ. ಮನಿಗೆ ಕರ್ಕೊಂಡು ಹೋಗ್ರಿ’ ಅಂದ್ರು. ಅವತ್ತ ಮಂಗಳವಾರ. ಅವತ್ತಿಂದ ಇಪ್ಪತ್ಮೂರು ದಿನಾ ಬದಕಿದ್ಲು.

ಇಲಕಲ್ಲಿಂದ ಬದಾಮಿ ಎಷ್ಟು ದೂರ ಅಂತೀರಿ? ಬಸ್ಸಿನ್ಯಾಗ ಎರಡೂವರಿ ತಾಸು. ಎರಡೂವರಿ ತಾಸಿನ ದಾರೀನ ನಾ ಇಪ್ಪತ್ಮೂರು ದಿನಾ ಮುಚ್ಚಿ ಇಟ್ಟೆ.

ಮೊದಲನೇ ರವಿವಾರ ಸುಧಾನ ಫೋನ್ ಬಂತು. ಲೂರ್ದವ್ವ ತಾನ ಗಟ್ಟಿ ದನಿ ಮಾಡ್ಕೊಂಡು, ‘ಆರಾಮದೇನಿ ಅವ್ವಾ, ನೀ ಚಂದ ಇರು’ ಅಂದು ಫೋನ್ ನನ್ನ ಕೈಯಾಗ ಕೊಟ್ಲು. ಹುಡುಗಿ ಮನಸ್ಸು ಕೆಡಬಾರದು ಅಂತ ಅಕಿ ಅನಕೊಂಡಿದ್ಲು. ಅಲ್ಲೀತನಕ ಸುಳ್ಳು ನನ್ನದಲ್ಲ, ಅಕೀದು. ಎರಡನೇ ರವಿವಾರ ಅಕಿ ಏಳಲಿಲ್ಲ. ‘ಅವ್ವ ಎಲ್ಲಿ?’ ಅಂದ್ಲು ಸುಧಾ. ‘ಮುದಗಲ್ಲಿಗೆ ಹೋಗ್ಯಾಳ’ ಅಂದೆ. ಮೂರನೇ ರವಿವಾರ ಸೂಜಿ ಮಾಡಿಸ್ಕೊಂಡು ಮಲಗಿದ್ಲು. ನಾ ಫೋನ್ ಹಿಡ್ಕೊಂಡು ಹಿತ್ತಲಕ್ಕ ಹೋದೆ. ‘ಗಂಟಲಾ ಕಟ್ಟೇತಿ, ಮಾತಾಡಾಕ ಬರವಲ್ದು’ ಅಂದೆ. ‘ಕಷಾಯಾ ಮಾಡಿಕೊಡು ಅತ್ತಿ, ನೀ ಮಾಡಿದ್ರ ಕುಡೀತಾಳ’ ಅಂದ್ಲು ಆ ಕೂಸು. ದೌಲತಬಿ ಗ್ವಾಡಿ ಆಚೆಯಿಂದ ಎಲ್ಲಾ ಕೇಳಿಸ್ಕೊಂಡು, ‘ಚಂದವ್ವಾ, ಇದು ಒಳ್ಳೇದಲ್ಲ. ಹೆತ್ತ ಕರಳು ಐತಿ ಅಲ್ಲಿ. ಹುಡುಗಿಗೆ ತಿಳಸು’ ಅಂದ್ಲು. ‘ನಿಮ್ಮ ಮಸೂತಿ ವಿಚಾರ ನೀ ನೋಡ್ಕೊ, ನಮ್ಮದರಾಗ ಬಾಯಿ ಹಾಕಬ್ಯಾಡ’ ಅಂದೆ ನಾ. ಇಪ್ಪತ್ತು ವರ್ಷದ ಗೆಳತಿಗೆ ಅಂಥಾ ಮಾತಂದೆ! ನನ್ನ ಬಾಯಾಗ ಮಣ್ಣು ಬೀಳ್ಲಿ.

ಮರುದಿನಾ, ಸೋಮವಾರ, ಇಪ್ಪತ್ತೊಂದನೇ ದಿನಾ. ನಾ ಲೂರ್ದವ್ವನ ತಲಿ ಹಿಕ್ಕಾಕತ್ತಿದ್ದೆ. ಅಕಿ ನನ್ನ ಕೈ ಹಿಡದು, ‘ಅಕ್ಕಾ, ನಾ ಉಳಿಯಂಗಿಲ್ಲ. ಸುಧಾನ್ನ ಒಮ್ಮೆ ನೋಡ್ತೇನಿ. ಸಿಸ್ಟರಿಗೆ ಫೋನ್ ಹಚ್ಚು’ ಅಂದ್ಲು. ನಾ ಹಿತ್ತಲಕ್ಕ ಹೋದೆ. ಫೋನ್ ಕೈಯಾಗ ಹಿಡ್ಕೊಂಡು ಕಲ್ಲಿನ ಮ್ಯಾಲೆ ಕುಂತೆ. ಹಚ್ಚಲಿಲ್ಲ. ಸುಧಾ ಇಲ್ಲಿಗೆ ಬಂದ್ಲು ಅಂದ್ರ ಲೂರ್ದವ್ವನ ಮಣ್ಣು ಆಗ್ತೈತಿ, ಬೀಗರು ಕುಂದರ್ತಾರ, ‘ಅಪ್ಪಗ ಒಂದು ರೊಟ್ಟಿ ಬಡಿಯೋರಿಲ್ಲ, ಇನ್ನ ನೀ ಎಲ್ಲಿಗೆ ಹೊಂಟಿ?’ ಅಂತಾರ, ಇನ್ಯಾಸಪ್ಪ ಬಾಯಿ ತೆರಿಯಂಗಿಲ್ಲ, ಅಕಿ ಇಲ್ಲೇ ಉಳೀತಾಳ. ನನಗ ಆದದ್ದ ಅಕಿಗೆ ಆಗ್ತೈತಿ. ಹಿಂಗ ವಿಚಾರ ಮಾಡಿದೆ. ಒಂದೀಟು ಹೊತ್ತು ಬಿಟ್ಟು ಒಳಗ ಬಂದು, ‘ಹಚ್ಚಿದ್ದೆವಾ. ಮುಚ್ಚಿದ ವರ್ಷದಾಗ ಕಳಸಾಕ ಬರಂಗಿಲ್ಲಂತ. ಎಲ್ಲಾರೂ ಕೂಡಿ ಪ್ರಾರ್ಥನಿ ಮಾಡ್ತಾರಂತ’ ಅಂದೆ. ಇನ್ಯಾಸಪ್ಪ ಬಾಗಿಲದಾಗ ನಿಂತು ಕೇಳಿದ.

ಲೂರ್ದವ್ವ ಅಳಲಿಲ್ಲ. ಹೊಚ್ಚಿಗಿ ಸರಿ ಮಾಡ್ಕೊಂಡು, ‘ಅಕಿನೂ ಕೇಳಿರಾಕಿಲ್ಲ ಬಿಡ. ಅಕಿ ಕೇಳಿದ್ರ ಕಳಸ್ತಿದ್ರು’ ಅಂದ್ಲು. ಅಷ್ಟ. ಆಮ್ಯಾಲೆ ಎರಡು ದಿನಾ ಮಗಳ ಹೆಸರು ಎತ್ತಲಿಲ್ಲ. ಬುಧವಾರ ಮುಂಜಾನಿ ಹೋದ್ಲು.

ಅಕಿ ಕಣ್ಣು ಮುಚ್ಚಿಸಿ, ಬದಾಮಿಗೆ ಫೋನ್ ಹಚ್ಚಿದೆ. ಆವಾಗ ಅಂಜಲಿಲ್ಲ ನೋಡ್ರಿ. ಸತ್ತಾಕಿನ್ನ ನೋಡಿ ಹೋಗಾಕ ಒಂದು ದಿನಾ ಸಾಕಲ್ಲ! ಸಿಸ್ಟರ್ ಶೈಲಾ, ‘ಯಾವಾಗಿಂದ ಆರಾಮಿರ್ಲಿಲ್ಲ?’ ಅಂದ್ರು. ಹೇಳಿದೆ. ‘ಮೊದಲ ಯಾಕ ತಿಳಸಲಿಲ್ರಿ? ಇಂಥಾದಕ್ಕ ಹದಿನೈದು ದಿನಾ ತನಕ ಕಳಸ್ತೇವಿ. ಅದಕ್ಕೂ ಹೆಚ್ಚಾದ್ರ ಆ ದಿನಗೋಳನ್ನ ಆಮ್ಯಾಲೆ ತುಂಬಿ ಕೊಟ್ರಾತು. ತಿಂಗಳಗಟ್ಟಲೆ ಉಳದ್ರಷ್ಟ ವರ್ಷ ಮುರೀತದ. ನಾನ ಅಕಿನ್ನ ಕರ್ಕೊಂಡು ಬರ್ತಿದ್ದೆ.’ ಫೋನ್ ಇಟ್ಟು ಹಿತ್ತಲದಾಗ ಅದ ಕಲ್ಲಿನ ಮ್ಯಾಲೆ ಕುಂತೆ.

ಎರಡೂವರಿ ತಾಸಿಗೇ ಸುಧಾ ಬಂದ್ಲು, ಸಿಸ್ಟರ್ ಶೈಲಾನೂ ಬಂದ್ರು. ಸುಧಾ ಒಳಗ ತಾಯಿ ಮ್ಯಾಲೆ ಬಿದ್ದು ಅಳಾಕತ್ತಿದ್ಲು. ಹೊರಗ ಇನ್ಯಾಸಪ್ಪ, ವರ್ಷಕ್ಕೊಮ್ಮೆ ಮಾತಾಡೋ ನನ್ನ ತಮ್ಮ, ಸಿಸ್ಟರಿಗೆ ಅಂದ, ‘ಜೀವ ಇದ್ದಾಗ ಕಳಸಲಿಲ್ಲ, ಮಣ್ಣಿಗೆ ಕರ್ಕೊಂಡು ಬಂದೀರೇನು?’ ಸಿಸ್ಟರ್ ನನ್ನ ಮಾರಿ ನೋಡಿದ್ರು. ಒಂದ ಸಲ. ಅವ್ರಿಗೆ ಎಲ್ಲಾ ತಿಳೀತು. ಬಾಯಿ ಬಿಡಲಿಲ್ಲ. ಅವತ್ತ ನಮ್ಮ ಮನಿ ಮುಂದ ಬಿಸಲಾಗ ಸಂಜೀತನಕ ನಿಂತ್ರು. ಹಡಬಿಟ್ಟಿ ನಾಯಿಗೂ ನೀರು ಇಡೋ ಓಣಿ ನಮ್ಮದು. ಅವ್ರಿಗೆ ಯಾರೂ ಒಂದು ಲೋಟ ನೀರು ಕೊಡಲಿಲ್ಲ. ಕೊಟ್ಟಾಕಿ ದೌಲತಬಿ ಒಬ್ಬಾಕಿ.

ಮಣ್ಣು ಕೊಟ್ಟು ಬಂದ ಮ್ಯಾಲೆ ಸುಧಾ ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಕೇಳಿದ್ಲು, ‘ಅತ್ತಿ, ಅವ್ವ ನನ್ನ ಕೇಳಿದ್ಲೇನು?’

‘ಇಲ್ಲವಾ, ಎಲ್ಲಾ ಒಮ್ಮಿಂದೊಮ್ಮೆಲೆ ಆತು’ ಅಂದೆ.

ಮರುದಿನಾ ಅಕಿ ಹೋದ್ಲು. ಬೀಗರು ಇನ್ನೂ ಬಾಯಿ ತಗಿಯೋದರಾಗನ ತಾನ ಬ್ಯಾಗ ತಗೊಂಡು ಎದ್ದು ನಿಂತ್ಲು. ಯಾರೂ ಹಿಡದು ನಿಲ್ಲಿಸಲಿಲ್ಲ, ಅಂಜಿದ್ದ ನಾ ದಡ್ಡಿ ಆದೆ. ಅಪ್ಪ ಅಕಿ ಸಂಗಡ ಮಾತಾಡಲಿಲ್ಲ. ತಾಯಿ ಸಾಯಾಕತ್ತಿದ್ದು ತಿಳದೂ ಬರಲಿಲ್ಲ ಈಕಿ ಅಂತ ಅವನ ಸಿಟ್ಟು. ದುಃಖದಾಗ ಅದಾನ ಅಂತ ಅಕಿ ತಿಳುವಳಿಕಿ. ನಾ ಬಾಯಿ ತೆರದಿದ್ರ ಇಬ್ಬರದೂ ಬಗಿ ಹರೀತಿತ್ತು. ತೆರೀಲಿಲ್ಲ. ಇನ್ಯಾಸಪ್ಪ ಅವತ್ತಿಂದ ಚರ್ಚು ಬಿಟ್ಟ.

ಎರಡನೇ ವರ್ಷ ಆ ಹುಡುಗ್ಯಾರನ್ನ ಸೇವಾಕ್ಕ ಹೊರಗ ಕಳಸ್ತಾರ. ಸುಧಾನ್ನ ಹುನಗುಂದದ ಕಡೆ ಒಂದು ಹಳ್ಳಿಗೆ ಕಳಿಸಿದ್ರು. ಮುಂಜಾನಿ ಸಾಲಿ ಹುಡುಗ್ರು, ಸಂಜಿಗೆ ಹಾಸಿಗಿ ಹಿಡದ ಮುದಕ್ಯಾರು. ಒಂದು ರವಿವಾರ ಫೋನಿನ್ಯಾಗ ಅಂದ್ಲು, ‘ಅತ್ತಿ, ಇಲ್ಲೊಬ್ಬಾಕಿ ಮುದಕಿ ನನ್ನ ಕೈಯಾಗ ಜೀವ ಬಿಟ್ಲು. ಬಾಯಾಗ ನೀರು ಬಿಟ್ಟೆ. ಅವ್ವಗ ಬಿಡೋ ನಸೀಬ ಇರ್ಲಿಲ್ಲ. ಏನ ಮಾಡೂದು, ಒಮ್ಮಿಂದೊಮ್ಮೆಲೆ ಹೋದ್ಲಲ್ಲ.’ ನನ್ನ ಮಾತು ನನಗ ತಿರಗಿ ಬಂದು ಬಡೀತು. ಫಾದರ್ ಹತ್ರ ಪಾಪನಿವೇದನಿ ಮಾಡಿದೆ. ‘ದೇವರು ಕ್ಷಮಿಸ್ಯಾನ, ಆದ್ರ ಯಾರದನ್ನ ಕಸ್ಗೊಂಡೀಯೋ ಅವ್ರಿಗೆ ಮುಟ್ಟಸು’ ಅಂದ್ರು. ದೇವರ ಸಂಗಡ ಬಗಿಹರಿಸ್ಕೊಳ್ಳೂದು ಸಸಾರ ಆತು. ಆ ಹುಡುಗಿ ಮುಂದ ಬಾಯಿ ಬರವಲ್ದು.

ಮೇ ಮೂವತ್ತೊಂದಕ್ಕ ಅಕಿ ಮೊದಲನೇ ವ್ರತಾ ಅಂತ ಗೊತ್ತಾತು. ಅವತ್ತ ತಂದಿ-ತಾಯಿ ಇಬ್ಬರೂ ಮಗಳ ಅಕ್ಕಪಕ್ಕ ನಿಂತು, ಕೈ ಹಿಡದು ಪೀಠದ ಮುಂದ ಕರ್ಕೊಂಡು ಹೋಗಿ ಬಿಟ್ಟು ಬರೂದು ಪದ್ಧತಿ. ಸುಧಾ ಬರದು ಕಳಿಸಿದ್ಲು: ‘ಅವ್ವನ ಜಾಗಾದಾಗ ಚಂದತ್ತಿ.’ ಇನ್ಯಾಸಪ್ಪಗ ತೋರಿಸಿದ್ರ, ‘ಅವ್ರ ಹೊಸ್ತಿಲಾ ನಾ ತುಳಿಯಂಗಿಲ್ಲ’ ಅಂದ. ನಾ ಒಬ್ಬಾಕೀನ ಒಂದಿನ ಮುಂಚೆ ಬಸ್ ಹತ್ತಿದೆ. ಕಮತಗಿ ದಾಟೂತನಕ ಹೇಳೂದು ಅಂದ್ಕೊಂಡೆ, ಗುಳೇದಗುಡ್ಡ ಬಂದ ಮ್ಯಾಲೆ ಬ್ಯಾಡ ಅಂದ್ಕೊಂಡೆ.

ಬದಾಮ್ಯಾಗ ಸಿಸ್ಟರ್ ಶೈಲಾ ನನಗ ಚಾ ಕೊಟ್ಟು ಎದುರಿಗೆ ಕುಂತ್ರು. ‘ಒಂದೂವರಿ ವರ್ಷ ನಾ ಯಾರ ಮುಂದೂ ಆಡಿಲ್ಲ. ಅದು ನೀವು ಆಡಬೇಕಾದ ಮಾತು ಅಂತ ಕಾದೆ, ಕಾದದ್ದೂ ತಪ್ಪೋ ಏನೋ. ನಾಳೆ ಅಕಿ, ನನ್ನ ಸ್ವಂತ ಮನಸ್ಸಿನಿಂದ, ಎಲ್ಲಾ ತಿಳದು ಅಂತ ಹೇಳ್ತಾಳ. ತಿಳೀದನ ಹೇಳಬಾರದು.’ ಇಷ್ಟ ಅಂದ್ರು. ಬೈದಿದ್ರ ತಿರಗಿ ಬೈತಿದ್ದೆ, ಬೈಗುಳದಾಗ ನನ್ನ ಯಾರೂ ಗೆದ್ದಿಲ್ಲ. ಬೈಲಿಲ್ಲ ಅವ್ರು.

ಸುಧಾ ಬೇವಿನ ಗಿಡದ ಕೆಳಗ ಕುಂತು ನಾಳಿನ ಅಡಗಿಗೆ ಸೇಂಗಾ ಸುಲಿಯಾಕತ್ತಿದ್ಲು. ನಾನೂ ಬಾಜೂ ಕುಂತೆ. ಒಂದು ಮುಟಗಿ ಸುಲದೆ. ಆಮ್ಯಾಲೆ ಹೇಳಿದೆ. ಹೊಟ್ಟಿನೋವಿಂದ ಹಿಡದು ಹಿತ್ತಲದ ಕಲ್ಲಿನ ತನಕ. ಅವ್ವ ಕೊನೀಗೆ ಅಂದ ಮಾತೊಂದು ಬಿಟ್ಟೆ, ಅದು ಬಾಯಿಗೆ ಬರಲಿಲ್ಲ.

ಅಕಿ ಕೈ ನಿಂತ್ವು. ‘ನೀ ಯಾಕ ಸಿಸ್ಟರಿಗೆ ಒಂದ ಮಾತು ಕೇಳಲಿಲ್ಲ? ನಿಯಮ ತಿಳದಿರ್ಲಿಲ್ಲೇನು?’

‘ತಿಳದಿರ್ಲಿಲ್ಲ ಅಂತ ಎಲ್ಲಾರಿಗೂ ಹೇಳಬಹುದು, ಸುಧಾ. ನಿನಗ ಖರೆ ಹೇಳ್ತೇನಿ. ಕೇಳಿದ್ರ ಹೂಂ ಅಂದಾರು ಅಂತ ಅಂಜಿ ಕೇಳಲಿಲ್ಲ. ಬಂದ್ರ ನೀ ತಿರಗಿ ಹೋಗಂಗಿಲ್ಲ ಅಂದ್ಕೊಂಡೆ.’

‘ಹೋಗೂದು ಬಿಡೂದು ನನ್ನದಿತ್ತು ಅತ್ತಿ! ನಿನ್ನನ್ನ ನಿಮ್ಮಪ್ಪ ಸುಳ್ಳು ಹೇಳಿ ಮನಿಗೆ ಕರಿಸಿದ. ನೀ ಸುಳ್ಳು ಹೇಳಿ ನನ್ನ ಮನಿಗೆ ಬರದಂಗ ಮಾಡಿದಿ. ನಿಮ್ಮಿಬ್ಬರಾಗ ಏನ ಫರಕೈತಿ?’ ಮೊರ ನೂಕಿ ಎದ್ದು ಹೋದ್ಲು. ಸೇಂಗಾ ಚಲ್ಲಾಪಿಲ್ಲಿ ಆದ್ವು. ನಾ ಒಂದೊಂದ ಆರಿಸಿ ಮೊರಕ್ಕ ಹಾಕಿದೆ, ಬ್ಯಾರೆ ಏನ ಮಾಡೂದು ತಿಳೀಲಿಲ್ಲ. ಅಪ್ಪನ್ನ ಜನ್ಮಪೂರ್ತಿ ಬೈದಾಕಿ ನಾ. ಅವನ ಸಾಲಿನ್ಯಾಗ ನನ್ನ ಕುಂದ್ರಿಸಿದ್ಲು ಹುಡುಗಿ, ಖರೇನ ಕುಂದ್ರಿಸಿದ್ಲು.

ಸಂಜಿಗೆ ಸಿಸ್ಟರಿಗೆ ಹೇಳಿದ್ಲಂತ, ‘ಹೊಟ್ಟ್ಯಾಗ ಇಷ್ಟು ಸಿಟ್ಟಿಟ್ಕೊಂಡು ವ್ರತಾ ಹೇಳಿದ್ರ ಅದು ಸುಳ್ಳಾಗ್ತೈತಿ. ನನಗ ಟೈಮ್ ಕೊಡ್ರಿ.’ ಆರು ತಿಂಗಳು ಮುಂದ ಹಾಕಾಕ ನಿಯಮದಾಗ ಬರ್ತೈತಂತ, ಕೊಟ್ರು. ಮರುದಿನಾ ಉಳದ ಮೂವರು ಹುಡುಗ್ಯಾರು ತಂದಿ-ತಾಯಿ ಕೈ ಹಿಡ್ಕೊಂಡು ಪೀಠಕ್ಕ ನಡದ್ರು. ಸುಧಾ ಹಾಡೋರ ಸಾಲಿನ್ಯಾಗ ನಿಂತು ಹಾಡಿದ್ಲು, ದನಿ ಒಂದೀಟೂ ತಪ್ಪಲಿಲ್ಲ. ನಾ ಹಿಂದಿನ ಬೆಂಚಿನ್ಯಾಗ ಕುಂತು ನೋಡಿದೆ. ಯಾವುದು ಆಗಬಾರದು ಅಂತ ಇಷ್ಟೆಲ್ಲಾ ಮಾಡಿದ್ನೋ ಅದನ್ನ ನಾನ ಮಾಡಿದ್ದೆ. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಆದ್ರ ನಾ ಮಾಡಿದ್ದನ್ನ ಅಕಿ ಉಣಬೇಕಾತು.

ಮನಿಗೆ ಬಂದು ತಮ್ಮನ ಮುಂದ ಹೇಳಿದೆ. ಅಂವ ಉಣಾಕತ್ತಿದ್ದ. ‘ಅಂದ್ರ ಸಿಸ್ಟರ್‌ಗೋಳು ಬ್ಯಾಡ ಅಂದಿದ್ದಿಲ್ಲಾ?’ ಅಂದ. ‘ನಾ ಕೇಳೇ ಇಲ್ಲ’ ಅಂದೆ. ಹೊಡೀತಾನ ಅಂದ್ಕೊಂಡೆ, ಹೊಡದಿದ್ರ ಭಾಳ ಚಲೋ ಆಗ್ತಿತ್ತು. ಗಂಗಾಳ ಸರಿಸಿ ಎದ್ದ. ಮರುದಿನಾ ಕೆಲಸಕ್ಕ ಹೋಗದ ಬದಾಮಿ ಬಸ್ ಹತ್ತಿದ. ಒಂದೂವರಿ ವರ್ಷದ ಮ್ಯಾಲೆ ಮಗಳ ಸಂಗಡ ಮಾತಾಡಿ ಬಂದ. ನನ್ನ ಕೈಯಾನ ರೊಟ್ಟಿ ಮಾತ್ರ ಆರು ವಾರ ಮುಟ್ಟಲಿಲ್ಲ, ದೌಲತಬಿ ಮನ್ಯಾಗ ಉಂಡ. ‘ನಿನ್ನ ಹೊರಗ ಹಾಕಿಲ್ಲಲ್ಲ, ಅದಕ್ಕ ಶುಕರ್ ಅನ್ನು’ ಅಂದ್ಲು ದೌಲತಬಿ. ಮುಂದಿನ ರವಿವಾರ ಪೂಜಿ ಮುಗದ ಮ್ಯಾಲೆ ಚರ್ಚಿನ ಅಂಗಳದಾಗ ಎಲ್ಲಾರ ಮುಂದ ನಿಂತು, ಸಿಸ್ಟರ್‌ಗೋಳದು ತಪ್ಪಿಲ್ಲ, ನಂದು ಅಂತ ಹೇಳಿದೆ. ನಳದ ಮುಂದ ಈಗ ನಾ ಬೈದ್ರ ತಿರಗಿ ನೋಡಂಗಿಲ್ಲ ಮಂದಿ.

ಆ ರವಿವಾರ ಸುಧಾನ ಫೋನ್ ಬರಲಿಲ್ಲ. ಅದರ ಮುಂದಿನ ರವಿವಾರ ಬಂತು. ಹೆಂಗದಿ ಅನ್ನಲಿಲ್ಲ, ಅತ್ತಿ ಅನ್ನಲಿಲ್ಲ. ‘ಇಪ್ಪತ್ಮೂರು ದಿನಾ ನನ್ನವು. ನೀ ಕಸ್ಗೊಂಡಿ. ರವಿವಾರಕ್ಕ ಒಂದೊಂದ ತಿರಗಿ ಕೊಡು. ಮೊದಲನೇ ದಿನಾ ಹೇಳು’ ಅಂದ್ಲು.

ಹೇಳಿದೆ. ಮಂಗಳವಾರ ಬಾಗಲಕೋಟಿಯಿಂದ ಬರುಮುಂದ ನಿಮ್ಮವ್ವ ಬಸ್ಸಿನ ಕಿಡಕ್ಯಾಗ ಕುಂತಿದ್ಲು, ತುಳಸಿಗೇರಿ ಹಣಮಪ್ಪಗ ಹೋಗಿ ಬರಾಕತ್ತಿದ್ದ ಹೆಣಮಕ್ಕಳ ಕೂಸು ಇಸ್ಗೊಂಡು ಆಡಿಸಿದ್ಲು ಅಂತ ಹೇಳಿದೆ. ಎರಡನೇ ದಿನಾ ಮಗ್ಗದಾಗ ಅರ್ಧ ಉಳದ ಸೀರಿ ಮುಗಸ್ತೇನಂತ ಹಟಾ ಮಾಡಿ ಕುಂತಿದ್ದು. ಐದನೇ ದಿನಾ ಉಳ್ಳಾಗಡ್ಡಿ ವಾಸನಿ ತಡೀದ ನನ್ನ ಬೈದಿದ್ದು, ಹುಟ್ಟಿದ್ದಕ್ಕ ಅದೊಂದ ಸಲ ಬೈದಿದ್ದು. ಅದನ್ನ ಕೇಳಿ ಸುಧಾ ನಕ್ಕಂಗಾತು. ನಕ್ಕಳೋ ಅತ್ತಳೋ ಫೋನಿನ್ಯಾಗ ತಿಳಿಯಂಗಿಲ್ಲ. ಹತ್ತು ನಿಮಿಷ ಆತಂದ್ರ ‘ಸಾಕು’ ಅಂತ ಇಡ್ತಿದ್ಲು. ವಾರಪೂರ್ತಿ ನಾ ಮುಂದಿನ ದಿನಾನ್ನ ನೆನಪ ಮಾಡ್ಕೋತ ಇರ್ತಿದ್ದೆ. ಎಷ್ಟು ಗುಟುಕು ಗಂಜಿ, ಯಾರು ಬಂದ್ರು, ಏನ ಅಂದ್ಲು. ಒಂದೂ ಸೇರಸಲಿಲ್ಲ, ಒಂದೂ ಬಿಡಲಿಲ್ಲ.

ದಿನಗೋಳು ಇಪ್ಪತ್ತಕ್ಕ ಬಂದ್ವು. ಇಪ್ಪತ್ತೊಂದನೇ ದಿನಾ ಹೆಂಗ ಹೇಳ್ಲಿ? ತಾಯಿ ನಿನ್ನ ಬಗ್ಗೆ ಹಂಗ ತಿಳ್ಕೊಂಡು ಸತ್ಲು ಅಂತ ಯಾವ ಬಾಯಿಲೆ ಹೇಳ್ಲಿ? ಆ ಮಾತು ಕೇಳಿದಾಕಿ ನಾ ಒಬ್ಬಾಕಿ. ಇನ್ಯಾಸಪ್ಪ ಅಷ್ಟೊತ್ತಿಗೆ ಬಾಗಿಲದಿಂದ ಹೊರಗ ಹೋಗಿದ್ದ. ‘ಇರಲಿ, ಮಗಳು ಚಂದ ಇರಲಿ ಅಂದ್ಲು’ ಅಂತ ಹೇಳಿಬಿಟ್ರ ಯಾರಿಗೆ ತಿಳೀತೈತಿ? ಹುಡುಗಿ ಸಮಾಧಾನ ಆಗಿ ವ್ರತಾ ತಗೊಂಡಾಳು. ದೌಲತಬಿನ್ನ ಕೇಳಿದೆ. ‘ಚಲೋದಕ್ಕ ಅಂತನ ನೀ ಹೋದ ಸಲಾನೂ ಸುಳ್ಳು ಹೇಳಿದ್ದಿ’ ಅಂದು ತನ್ನ ಕೆಲಸಕ್ಕ ಹತ್ತಿದ್ಲು.

ನವೆಂಬರದ ಮೊದಲನೇ ರವಿವಾರ ಫೋನ್ ಬಂತು. ‘ಇಪ್ಪತ್ತೊಂದನೇ ದಿನಾ’ ಅಂದ್ಲು ಸುಧಾ. ತಲಿ ಹಿಕ್ಕಿದ್ದು ಹೇಳಿದೆ. ಫೋನ್ ಹಚ್ಚು ಅಂದದ್ದು ಹೇಳಿದೆ. ಹಿತ್ತಲಕ್ಕ ಹೋಗಿ ಬಂದು ಸುಳ್ಳು ಹೇಳಿದ್ದು ಹೇಳಿದೆ.

‘ಆವಾಗ ಅವ್ವ ಏನಂದ್ಲು?’

‘ಅಕಿನೂ ಕೇಳಿರಾಕಿಲ್ಲ ಬಿಡ, ಅಕಿ ಕೇಳಿದ್ರ ಕಳಸ್ತಿದ್ರು, ಅಂದ್ಲು.’

ಸುಧಾ ಅತ್ಲು. ಆ ಹುಡುಗಿ ಹಂಗ ಅತ್ತದ್ದು ತಾಯಿ ಹೆಣದ ಮುಂದೂ ನಾ ಕೇಳಿಲ್ಲ. ನಾ ಸಮಾಧಾನ ಮಾಡಲಿಲ್ಲ. ಮಾಡಾಕ ನಾ ಯಾರು? ಹತ್ತು ನಿಮಿಷ ಯಾವಾಗೋ ಮುಗದಿತ್ತು, ಅಲ್ಲೆ ಯಾರೂ ಅಕಿನ್ನ ಕರೀಲಿಲ್ಲ.

‘ಅತ್ತಿ’ ಅಂದ್ಲು ಕಡೀಕ. ಐದು ತಿಂಗಳ ಮ್ಯಾಲೆ ಅತ್ತಿ ಅಂದ್ಲು. ‘ಇದೊಂದು ನೀ ಮುಚ್ಚಿ ಇಡಬಹುದಿತ್ತು.’

‘ಹೂಂ.’

‘ಈ ತಿಂಗಳ ಇಪ್ಪತ್ತೊಂದನೇ ತಾರೀಖಿಗೆ ವ್ರತಾ ಹೇಳ್ತೇನಿ. ಅಪ್ಪನ ಸಂಗಡ ಬಾ. ಆದ್ರ ಪೀಠಕ್ಕ ಕರ್ಕೊಂಡು ಹೋಗಾಕ ಅಪ್ಪ ಒಬ್ಬನ ನಿಂದರ್ತಾನ. ಈ ಕಡೆ ಕೈ ನಾ ಯಾರಿಗೂ ಕೊಡಂಗಿಲ್ಲ. ಅವ್ವನ ಜಾಗಾ ಖಾಲಿ ಇರಲಿ.’

ಹೂಂ ಅಂದೆ. ಮತ್ತೇನ ಅನ್ನಲಿ, ಬಾ ಅಂದಾಳಲ್ಲ.